ಸಿಮ್ ಕಂಪನಿಯ 5ಜಿ ಫೋನ್ ಆಫರ್: ನಾನು ಅರ್ಹನೋ ಅಲ್ಲವೋ? ಸಹಾಯ ಬೇಕು

ನಮಸ್ಕಾರ, ನಾನು ವಿಜಯಪುರದವನು. ಆರು ವರ್ಷದಿಂದ ಒಂದೇ ಕಂಪನಿಯ ಸಿಮ್ ಬಳಸುತ್ತಿದ್ದೇನೆ. ಹೋದ ತಿಂಗಳು ಅವರಿಂದಲೇ ಮೆಸೇಜ್ ಬಂತು: ಹೊಸ 5ಜಿ ಫೋನಿಗೆ ನೀವು ಅರ್ಹರು, 2,000 ರೂಪಾಯಿ ರಿಯಾಯಿತಿ.

ಗಾಂಧಿ ಚೌಕದ ಹತ್ತಿರ ಇರುವ ಅವರ ಸ್ಟೋರ್‌ಗೆ ಹೋದರೆ ಬೇರೆಯೇ ಮಾತು. ಮೊದಲು ಪೂರ್ತಿ ರೊಕ್ಕ ಕಟ್ಟಬೇಕಂತೆ. ಆ 2,000 ಆಮೇಲೆ ರೀಚಾರ್ಜ್ ಕೂಪನ್ ಆಗಿ ಬರುತ್ತದಂತೆ. ಅದಕ್ಕೂ 18 ತಿಂಗಳು ಬಿಡದೆ ದೊಡ್ಡ ಪ್ಲಾನೇ ಹಾಕಿಸಬೇಕು. ಅದೇ ಫೋನ್ ಪಕ್ಕದ ಅಂಗಡಿಯಲ್ಲಿ 1,200 ಕಡಿಮೆಗೆ ಸಿಗುತ್ತದೆ. ಇದು ರಿಯಾಯಿತಿ ಹೇಗಾಯಿತು ಹೇಳಿ?

ಕಂತಿನಲ್ಲಿ ಕೊಡುತ್ತೇವೆ ಎಂದಿದ್ದಕ್ಕೆ ಒಪ್ಪಿಕೊಂಡೆ. ಆಧಾರ್ ಕೊಟ್ಟ ಮೇಲೆ, ಸಿಮ್ ನಿಮ್ಮ ಅಪ್ಪನ ಹೆಸರಲ್ಲಿದೆ, ಆಫರ್ ನಿಮಗೆ ಬರಲ್ಲ ಎಂದರು. ಅಪ್ಪನಿಗೆ ಮೊಣಕಾಲು ನೋವು, ಅವರನ್ನು ಸುಮ್ನೆ ಓಡಾಡಿಸಲು ಮನಸ್ಸಿಲ್ಲ.

ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಒಬ್ಬರು ಬರುತ್ತದೆ ಅಂದರು, ಇಬ್ಬರು ಬರಲ್ಲ ಅಂದರು. ದೂರಿನ ಡಾಕೆಟ್ ನಂಬರ್ ಇದೆ, ಆದರೆ ನನ್ನನ್ನು ಕೇಳದೆಯೇ ದೂರು ಮುಗಿಸಿಬಿಟ್ಟಿದ್ದಾರೆ.

ನನ್ನ ಪ್ರಶ್ನೆ: ಸಿಮ್ ನನ್ನ ಹೆಸರಿಗೆ ಮಾಡಿಸಿಕೊಂಡರೆ ಇದೇ ಆಫರ್ ಉಳಿಯುತ್ತದಾ? ಇಲ್ಲ ಅಂದರೆ ಮೊದಲು ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಬರೆಯಬೇಕಾ, ನೇರವಾಗಿ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬೇಕಾ? ಹೀಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.