ಪದಚರ್ಚೆ: ಮಸ್ಕೆಟ್, ಫ್ಲಿಂಟ್‌ಲಾಕ್‌ಗಳಿಗೆ ಉಪಶೀರ್ಷಿಕೆಯಲ್ಲಿ ಯಾವ ಪದ?

ನೆಪೋಲಿಯನ್ ಯುದ್ಧಗಳ ಕಾಲದ ಧಾರಾವಾಹಿಗೆ ನಾಳೆಯೊಳಗೆ ಉಪಶೀರ್ಷಿಕೆ ಒಪ್ಪಿಸಬೇಕೆಂದು ಬರೆದಿದ್ದೀರಿ; ಆದ್ದರಿಂದ ಮೊದಲು ಉತ್ತರ, ಆಮೇಲೆ ವಾದ. ಮಸ್ಕೆಟ್‌ಗೆ, ಅಂದರೆ ಆ ಕಾಲದ ಸೈನಿಕರ ನುಣುಪು ನಳಿಗೆಯ ಉದ್ದ ಬಂದೂಕಿಗೆ, ‘ಕೋವಿ’ ಸಾಕು. ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಬಂದೂಕು) ಎಂದು ಬಿಡಿಸಿ ಹೇಳಬೇಕಾದಲ್ಲಿ ‘ಚಕಮಕಿ ಕೋವಿ’ ಎನ್ನಿ. ಅದಕ್ಕೂ ಹಳೆಯದಾದ, ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ಮ್ಯಾಚ್‌ಲಾಕ್ ಬಂದರೆ ‘ಬತ್ತಿಯ ಕೋವಿ’.

ಫ್ಲಿಂಟ್‌ಲಾಕ್‌ಗೆ ಈ ಚರ್ಚೆಯಲ್ಲಿ ಕೆಲವರು ಸೂಚಿಸಿರುವ ‘ಕಿಡಿನಳಿಗೆ’ ಎಂಬ ಹೊಸ ಪದ ಬೇಡ. ನೋಡುಗ ಅದರ ಅರ್ಥ ಊಹಿಸುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ. ‘ಬಂದೂಕು’ ಹೊರಗಿನದು, ‘ತುಪಾಕಿ’ ಅಚ್ಚಗನ್ನಡ ಎಂಬ ವಾದವೂ ನಿಲ್ಲುವುದಿಲ್ಲ: ಅದು ತುರ್ಕಿಯ ‘ತುಫೆಕ್’ನಿಂದ ಬಂದದ್ದು, ‘ಬಂದೂಕು’ ಅರಬ್ಬಿಯಿಂದ ಬಂದದ್ದು. ಹೊರಗಿನದೆಂದು ಬಂದೂಕನ್ನು ತಳ್ಳುವವರು ಚಕಮಕಿಯನ್ನೂ ತಳ್ಳಬೇಕಾಗುತ್ತದೆ, ಏಕೆಂದರೆ ಅದರ ಮೂಲವೂ ತುರ್ಕಿಯೇ. ನಾನು ಕೋವಿಯ ಪರ ನಿಲ್ಲುವುದು ಅದರ ಕುಲ ನೋಡಿಯಲ್ಲ. ಕೊಳವೆಯೆಂಬ ಅರ್ಥವೂ ಇರುವ ಆ ಪದಕ್ಕೆ ವಿಶೇಷಣ ಹತ್ತಿಸಿ ಕೇಪಿನ ಕೋವಿ, ತೋಟೆ ಕೋವಿ, ಜೋಡುನಳಿಗೆ ಕೋವಿ ಎಂದು ಬಗೆಬಗೆಯನ್ನು ಹೆಸರಿಸುವ ರೂಢಿ ಬೇಟೆಗಾರರ ಮಾತಿನಲ್ಲಿ ಮೊದಲೇ ಇದೆ. ‘ಚಕಮಕಿ ಕೋವಿ’ ಅದೇ ಸಾಲಿಗೆ ತಾನಾಗಿ ಸೇರುತ್ತದೆ. ಆದರೆ ಈ ಕಥೆಯಲ್ಲಿ ‘ಕೇಪಿನ ಕೋವಿ’ ಬಳಸಬೇಡಿ. ಬಡಿದರೆ ಕಿಡಿ ಹಾರುವ ಪುಟ್ಟ ಲೋಹದ ಟೋಪಿಯಾದ ಕೇಪು ಬ್ರಿಟಿಷ್ ಸೇನೆಗೆ ಬಂದದ್ದು 1840ರ ಸುಮಾರಿಗೆ, ಈ ಯುದ್ಧಗಳನ್ನು ಮುಗಿಸಿದ ವಾಟರ್ಲೂ ಕಾಳಗ ನಡೆದದ್ದು 1815ರಲ್ಲಿ.

ಈಡು ತುಂಬುವ ದೃಶ್ಯವನ್ನು ನಿಧಾನವಾಗಿ ನೋಡಿ ಅನುವಾದಿಸಿ. ಸೈನಿಕನು ಕಾಗದದ ತೋಟೆಯನ್ನು (ಮದ್ದು, ಗುಂಡು ಸುತ್ತಿಟ್ಟ ಪೊಟ್ಟಣ) ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚಿ, ಉಳಿದ ಮದ್ದನ್ನೂ ಗುಂಡನ್ನೂ ನಳಿಗೆಗೆ ಇಳಿಸಿ ಗಜದಿಂದ, ಅಂದರೆ ಉದ್ದನೆಯ ಸಲಾಕೆಯಿಂದ, ಜಡಿಯುತ್ತಾನೆ. ಬಟ್ಟಲಿನ ಆ ಮದ್ದಿಗೆ ‘ರಂಜಕ’ ಎಂಬ ಸೊಗಸಾದ ಪದ ಕನ್ನಡದಲ್ಲಿರುವಾಗ ‘ಪ್ರಾರಂಭಿಕ ಪುಡಿ’ಯಂಥ ಸೃಷ್ಟಿಯನ್ನು ನಾನು ಒಪ್ಪಲಾರೆ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ ಭಾಗ ‘ಕುದುರೆ’. ಅದನ್ನು ‘ಸುತ್ತಿಗೆ’ ಎಂದು ಬರೆದರೆ ಬಡಗಿಯ ನೆನಪಾಗುತ್ತದೆ.

ರೈಫಲನ್ನು ಮಾತ್ರ ರೈಫಲ್ ಎಂದೇ ಉಳಿಸಿ. ಆ ಕಾಲದ ಬೇಕರ್ ರೈಫಲಿನ ನಳಿಗೆಯೊಳಗೆ ಸುರುಳಿಯಾದ 7 ತೋಡುಗಳಿದ್ದವು; ಅದರ ಗುರಿ ಮಸ್ಕೆಟ್‌ಗಿಂತ ದೂರಕ್ಕೂ ನಿಖರ, ಈಡು ತುಂಬುವುದು ಮಾತ್ರ ತಡ. ಎರಡಕ್ಕೂ ‘ಬಂದೂಕು’ ಎಂದೇ ಬರೆದರೆ, ರೈಫಲ್ ಹಿಡಿದವನು ದೂರದಲ್ಲೇ ಅಡಗಿ ಕೂರುವುದೇಕೆಂಬುದು ನೋಡುಗನಿಗೆ ತಿಳಿಯುವುದಿಲ್ಲ. ‘ರೀಲೋಡ್’ ಎಂಬ ಕೂಗಿಗೆ ‘ಮರುಭರ್ತಿ ಮಾಡಿ’ ಬೇಡ, ‘ಈಡು ತುಂಬಿ!’ ಎಂದು ಹಾಕಿ.