ಎನ್‌ಡಿಐನ ಡ್ರೈವಿಂಗ್ ಪ್ರಶ್ನೆಗೆ ನೀವೇನು ಮಾಡಿದಿರಿ?

ಥೀಸಿಸ್ ವಿದ್ಯಾರ್ಥಿ:
ಕತ್ತು ನೋವಿನವರಿಗೆ ಕೊಡುವ ಎನ್‌ಡಿಐ ಪ್ರಶ್ನಾವಳಿಯನ್ನು ನಮ್ಮ ಭಾಷೆಗೆ ತರುತ್ತಿದ್ದೇನೆ. ಹತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 5 ಅಂಕ, ತೊಂದರೆ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಎರಡು ಅನುವಾದ ಮುಗಿದಿವೆ. ಹತ್ತು ರೋಗಿಗಳಿಗೆ ಕೊಟ್ಟು ನೋಡಿದೆ. ಆರು ಜನ ಡ್ರೈವಿಂಗ್ ಪ್ರಶ್ನೆ ಖಾಲಿ ಬಿಟ್ಟರು. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಪ್ರಶ್ನೆ ತೆಗೆದುಬಿಡಲಾ, ಬದಲಿಸಲಾ? ಎಂಟು ತಿಂಗಳಲ್ಲಿ ಥೀಸಿಸ್ ಕೊಡಬೇಕು. ಮಾಡಿದವರು ದಯವಿಟ್ಟು ಹೇಳಿ.

ಹಳೇ ಫಿಸಿಯೋ:
ಡ್ರೈವಿಂಗ್ ಆಮೇಲೆ. ಪ್ರಶ್ನಾವಳಿ ಅನುವಾದಿಸಲು ಅನುಮತಿ ಪತ್ರ ಕೈಗೆ ಬಂದಿದೆಯಾ? ನಾನು "ಕೇಳಿದ್ದೇನಲ್ಲ, ಬರುತ್ತೆ" ಅಂತ ಕೆಲಸ ಶುರು ಮಾಡಿದೆ. ಹಕ್ಕು ಇರುವವರಿಂದ ಉತ್ತರ ಬರಲು ಐದು ತಿಂಗಳಾಯಿತು. ಅಷ್ಟರಲ್ಲಿ 34 ಜನರಿಂದ ಹಾಳೆ ತುಂಬಿಸಿದ್ದೆ. ಅಷ್ಟನ್ನೂ ಬಿಡಬೇಕು ಅಂತು ಎಥಿಕ್ಸ್ ಕಮಿಟಿ. ಆ 34 ಹಾಳೆ ಇನ್ನೂ ನನ್ನ ಬೀರುವಿನಲ್ಲಿವೆ.

ಆಮೇಲೆ ಬ್ಯಾಕ್ ಟ್ರಾನ್ಸ್‌ಲೇಷನ್. ಅಂದರೆ ನಮ್ಮ ಅನುವಾದವನ್ನು ವಾಪಸ್ ಇಂಗ್ಲಿಷಿಗೆ ತರುವುದು. ಅದನ್ನು ಮಾಡುವ ಇಬ್ಬರೂ ಮೂಲ ನೋಡಿರಬಾರದು ಅಲ್ವಾ? ನನ್ನ ಇಬ್ಬರಲ್ಲಿ ಒಬ್ಬರದು ಮೂಲಕ್ಕೆ ಪದಕ್ಕೆ ಪದ ಹೊಂದಿತು. ಎಷ್ಟು ಖುಷಿಪಟ್ಟೆ! ಅವರು ಹತ್ತು ವರ್ಷದಿಂದ ಎನ್‌ಡಿಐ ಬಳಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಬಾಯಿಪಾಠ ಆಗಿತ್ತು. ಹೊಸಬರನ್ನು ಹುಡುಕಿ ಎರಡನೇ ಸಲ ದುಡ್ಡು ಕೊಟ್ಟೆ, ಅದೂ ನನ್ನ ಸಂಬಳದಿಂದ. ಆಗ ತಪ್ಪು ಕಂಡಿತು. ನೋವಿನ ಪ್ರಶ್ನೆಯಲ್ಲಿ ನಾವು "ಸಾಕಷ್ಟು ಜಾಸ್ತಿ", "ತುಂಬಾ ಜಾಸ್ತಿ" ಅಂತ ಬರೆದಿದ್ದೆವು. ಎರಡೂ ಒಂದೇ ಪದವಾಗಿ ವಾಪಸ್ ಬಂದವು. ರೋಗಿಗಳನ್ನು ಕೇಳಿದರೆ ಕೆಲವರು "ಸಾಕಷ್ಟು ಅಂದ್ರೆ ಕಡಿಮೆನೇ ಅಲ್ವಾ" ಅಂದರು. ಈ ಒಂದು ಸಾಲಿಗೆ ಅನುವಾದ ನೋಡುವ ಕಮಿಟಿ ಮೂರು ಸಲ ಕೂತಿತು.

ಕ್ಲಿನಿಕ್‌ನವನು:
ನಾನು ಡ್ರೈವಿಂಗ್ ತೆಗೆದು "ಗಾಡಿಯಲ್ಲಿ ಕೂತು ಪ್ರಯಾಣ" ಅಂತ ಹಾಕಿದೆ. ಇವತ್ತಿಗೂ ಸರಿ ಅನ್ನುತ್ತೇನೆ. 120 ಜನರಲ್ಲಿ ಖಾಲಿ ಬಿಟ್ಟವರು ಇಬ್ಬರೇ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಆಲ್ಫಾ 0.96 ಬಂತು.

ನಾನು ಸೋತಿದ್ದು ರೀಟೆಸ್ಟ್‌ನಲ್ಲಿ. ಅದೇ ಹಾಳೆ ಇನ್ನೊಮ್ಮೆ ತುಂಬಿಸಲು 60 ಜನರನ್ನು ಮತ್ತೆ ಕರೆದೆ, 41 ಜನ ಬಂದರು. ಆದರೆ ಕರೆದಿದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ಚಿಕಿತ್ಸೆ ಶುರುವಾಗಿ ಅರ್ಧ ಜನರಿಗೆ ನೋವು ಇಳಿದಿತ್ತು. ಎರಡು ಸಲದ ಅಂಕ ಎಷ್ಟು ಹೊಂದುತ್ತದೆ ಅಂತ ಹೇಳುವ ಐಸಿಸಿ 0.6ಕ್ಕೆ ಬಿತ್ತು. ಪ್ರಶ್ನಾವಳಿ ಕೆಟ್ಟದ್ದಲ್ಲ, ರೋಗಿ ಬದಲಾಗಿದ್ದ. ಪ್ರಬಂಧ ಪರಿಶೀಲಿಸಿದ ರಿವ್ಯೂವರ್ ಇದನ್ನು ಒಪ್ಪಲಿಲ್ಲ. ಪೂರ್ತಿ ಮತ್ತೆ ಮಾಡಿದೆ. ಒಂದು ವರ್ಷ ಹೋಯಿತು.

ಹಳೇ ಫಿಸಿಯೋ:
ಸರ್, ಬೇಜಾರು ಮಾಡ್ಕೋಬೇಡಿ. ಗಾಡಿ ಓಡಿಸುವವನು ಕತ್ತು ತಿರುಗಿಸಿ ಹಿಂದೆ ನೋಡಬೇಕು. ಸುಮ್ನೆ ಕೂತು ಹೋಗುವವನಿಗೆ ಅದು ಬೇಕಿಲ್ಲ. ನೀವು ಪ್ರಶ್ನೆಯನ್ನೇ ಬದಲಿಸಿ ನಂಬರ್ ಮಾತ್ರ ಉಳಿಸಿಕೊಂಡಿದ್ದೀರಿ. 0.96 ಹೆಮ್ಮೆ ಪಡುವ ಅಂಕಿಯೂ ಅಲ್ಲ. 0.95 ದಾಟಿದರೆ ಒಂದೇ ವಿಷಯವನ್ನು ಬೇರೆ ಬೇರೆ ಪದದಲ್ಲಿ ಕೇಳಿರಬಹುದು ಅಂತ ಅನುಮಾನಪಡಬೇಕು.

ಕ್ಲಿನಿಕ್‌ನವನು:
ಎನ್‌ಡಿಐ ಎಲ್ಲಿಂದ ಬಂತು ಮೇಡಂ? ವರ್ನನ್ ಮತ್ತು ಮಿಯರ್ 1991ರಲ್ಲಿ ಬೆನ್ನುನೋವಿನ ಆಸ್ವೆಸ್ಟ್ರಿ ಪ್ರಶ್ನಾವಳಿಯನ್ನು ತೆಗೆದುಕೊಂಡು, ಕತ್ತಿಗೆ ಹೊಂದದ್ದನ್ನು ಬಿಟ್ಟು, ತಲೆನೋವು, ಓದು, ಡ್ರೈವಿಂಗ್ ಸೇರಿಸಿದರು. ಅವರು ಮಾಡಿದರೆ ಸಂಶೋಧನೆ, ನಾವು ಮಾಡಿದರೆ ತಪ್ಪಾ? ತಲೆನೋವಿನ ಪ್ರಶ್ನೆ ಮೊದಲು ನೋಡಿ. ಅಪರೂಪಕ್ಕೆ ಬಂದರೂ ಜೋರಾಗಿ ಬರುವ ತಲೆನೋವಿಗೆ ಅಲ್ಲಿ ಆಯ್ಕೆಯೇ ಇಲ್ಲ. ಅಂಥವರು ಪೆನ್ನು ಹಿಡಿದು ನನ್ನ ಮುಖ ನೋಡುತ್ತಾ ಕೂತಿದ್ದರು. ಮೂಲದಲ್ಲೇ ಇರುವ ತೊಂದರೆ ಅದು.

ಸ್ಪೈನ್ ಸರ್ಜನ್:
ನೀವೆಲ್ಲ ನೋವಿನ ಸುತ್ತಲೇ ಇದ್ದೀರಿ. ನನ್ನ ಮೈಲೋಪತಿ (ಕತ್ತಿನಲ್ಲಿ ಬೆನ್ನುಹುರಿ ಒತ್ತಿಹೋದ) ರೋಗಿಗಳಲ್ಲಿ ಎಷ್ಟೋ ಜನರಿಗೆ ನೋವೇ ಇಲ್ಲ. ಅಂಗಿ ಗುಂಡಿ ಹಾಕಲು ಆಗುವುದಿಲ್ಲ, ನಡೆದರೆ ತೂರಾಡುತ್ತಾರೆ. ಹಾಗಿದ್ದರೂ ಎನ್‌ಡಿಐನಲ್ಲಿ 50ಕ್ಕೆ 8 ಬರುತ್ತದೆ. ಅವರನ್ನು ಮೈಲೋಪತಿಗೆಂದೇ ಇರುವ ಎಂಜೆಒಎ ಅಂಕಪಟ್ಟಿಯಲ್ಲಿ ಅಳೆಯಬೇಕು. ಅದರಲ್ಲಿ ಪೂರ್ತಿ ಸರಿ ಇದ್ದರೆ 18, 11 ಅಥವಾ ಕಡಿಮೆ ಬಂದರೆ ಗಂಭೀರ. ಜಪಾನಿನ ಮೂಲದಲ್ಲಿ ಚಾಪ್‌ಸ್ಟಿಕ್ ಹಿಡಿಯಲು ಆಗುತ್ತಾ ಅಂತಿತ್ತು, ಮಾರ್ಪಾಡಿನಲ್ಲಿ ಚಮಚ ಬಂತು. ಬದಲಾವಣೆ ಅಂದರೆ ಹಾಗಿರಬೇಕು. ವಸ್ತು ಬೇರೆ, ಕೈಬೆರಳಿನ ಕೆಲಸ ಅದೇ.

ಅನುವಾದದಲ್ಲಿ ನಮ್ಮ ಜಗಳ ಆಗಿದ್ದು "ಜೋಮು" ಪದಕ್ಕೆ. ಸ್ಪರ್ಶ ಗೊತ್ತಾಗದಿದ್ದರೂ ಜೋಮು ಅನ್ನುತ್ತಾರೆ, ಚುಚ್ಚಿದ ಹಾಗೆ ಆದರೂ ಜೋಮು ಅನ್ನುತ್ತಾರೆ. ಕೊನೆಗೆ "ಮುಟ್ಟಿದರೆ ಗೊತ್ತಾಗುವುದಿಲ್ಲ" ಅಂತ ಬಿಡಿಸಿ ಬರೆದೆವು. ಈ ಪದ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು.

ಹಳೇ ಫಿಸಿಯೋ:
ಎಂಜೆಒಎ ತುಂಬುವುದು ಡಾಕ್ಟರ್, ರೋಗಿಯಲ್ಲ. ಕೇಳಿದ್ದು ರೋಗಿ ತಾನೇ ತುಂಬುವ ಹಾಳೆ ಬಗ್ಗೆ, ಸರ್.

ಸ್ಪೈನ್ ಸರ್ಜನ್:
ಹಾಗಾದರೆ ಮೈಲೋಪತಿಯವರಿಗೇ ಇರುವ ಜೆಒಎಸಿಎಂಇಕ್ಯು ಪ್ರಶ್ನಾವಳಿ ನೋಡಿ. 24 ಪ್ರಶ್ನೆ, ರೋಗಿಯೇ ತುಂಬುತ್ತಾನೆ. ಫಿಸಿಯೋಗಳು ಎನ್‌ಡಿಐ ಬಿಟ್ಟು ಆಚೆ ನೋಡುವುದೇ ಇಲ್ಲ.

ಹಳೇ ಫಿಸಿಯೋ:
ನಿಮ್ಮ ಹತ್ತಿರ ಬರುವ ಮುಂಚೆ ಆ ರೋಗಿಗಳನ್ನು ಗುರುತಿಸಿ ಕಳಿಸಿದವರು ಯಾರು? ಇಂಥ ಮಾತು ಬೇಡ.

ಥೀಸಿಸ್ ವಿದ್ಯಾರ್ಥಿ:
ಅನುಮತಿ ಇನ್ನೂ ಬಂದಿಲ್ಲ ಮೇಡಂ. ಇವತ್ತೇ ಮತ್ತೆ ಬರೆಯುತ್ತೇನೆ. ಡ್ರೈವಿಂಗ್ ಖಾಲಿ ಇದ್ದರೆ ಅಂಕ ಹೇಗೆ ಹಾಕಿದಿರಿ?

ಹಳೇ ಫಿಸಿಯೋ:
ಉಳಿದ ಒಂಬತ್ತರ ಅಂಕವನ್ನು 45ಕ್ಕೆ ಲೆಕ್ಕ ಹಾಕಿ ಶೇಕಡಾ ಮಾಡಿದೆ. ಪ್ರಶ್ನೆ ಹಾಗೇ ಇಟ್ಟು "ಗಾಡಿ ಓಡಿಸುವುದಿಲ್ಲ" ಅಂತ ಪಕ್ಕದಲ್ಲಿ ಒಂದು ಚೌಕ ಕೊಟ್ಟೆ. ನೋವಿನಿಂದ ಗಾಡಿ ಓಡಿಸುವುದನ್ನು ಬಿಟ್ಟವರು ಅದಕ್ಕೆ ಗುರುತು ಹಾಕಬಾರದು, ಅವರಿಗೆ ಪೂರ್ತಿ 5. ಇದನ್ನು ಬಾಯಲ್ಲಿ ಕೇಳಿಯೇ ಖಚಿತ ಮಾಡಿಕೊಳ್ಳಿ. ನನ್ನ ಹಾಳೆಗಳಲ್ಲಿ ಏಳು ಜನ ತಪ್ಪು ಹಾಕಿದ್ದರು.

ಕ್ಲಿನಿಕ್‌ನವನು:
ಹತ್ತರಲ್ಲಿ ಆರು ಜನ ಬಿಡುವ ಪ್ರಶ್ನೆಯನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ ಇನ್ನೂ ಯಾರೂ ಹೇಳಿಲ್ಲ.