ಕೆರೆಗೆ ನೀರು ಬಂತು, ಈಗ ಬೋರ್‌ವೆಲ್‌ಗಳ ಪೈಪೋಟಿ: ನಿಮ್ಮೂರಲ್ಲಿ ಹೆಂಗೆ ತಡೆದ್ರಿ?

ಕೇಳಿದವರು, ಕೋಲಾರ ತಾಲ್ಲೂಕು:
ನಮ್ಮೂರ ಕೆರೆಗೆ ಕೆಸಿ ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧಿ ಮಾಡಿ ಕಳ್ಸೋ ನೀರು, ಬಿಟ್ಮೇಲೆ ಬತ್ತೋಗಿದ್ದ ಬೋರ್‌ಗಳು ತಿರ್ಗ ಹೊಯ್ತಾ ಇವೆ. ಖುಷಿನೇ. ಆದ್ರೆ ಈಗ ಎಲ್ಲಾರೂ ಟೊಮೇಟೊ ಅಂತ ಹೊಸ ಬೋರ್ ಕೊರೆಸ್ತಾವ್ರೆ, ಕೆಲವ್ರು ರಾತ್ರಿ ಹೊತ್ತು ಸೀದಾ ಕೆರೆಗೇ ಮೋಟಾರ್ ಇಳಿಸಿ ಎಳೀತಾವ್ರೆ. ಹಿಂಗೇ ಆದ್ರೆ ಮತ್ತೆ ಸಾವಿರದಿನ್ನೂರು ಅಡಿಗೇ ಹೋಗ್ಬೇಕು. ಪೊಲೀಸು ಕೇಸು ಅಂತ ಹೋಗ್ದೆ ಊರೊಳಗೇ ಕಟ್ಟುಪಾಡು ಮಾಡ್ಕೊಂಡವ್ರು ಯಾರಾದ್ರೂ ಇದ್ರೆ ಹೇಳಿ.

ಚಿಕ್ಕಬಳ್ಳಾಪುರ ಕಡೆಯಿಂದ:
ಅಣ್ಣ, ನಮ್ದೂ ಇದೇ ಕಥೆ, ನಮ್ಗೆ ಬಂದಿದ್ದು ಅಂಥದ್ದೇ ಇನ್ನೊಂದು ಯೋಜನೆಯ ಎಚ್‌ಎನ್ ವ್ಯಾಲಿ ನೀರು ಅಷ್ಟೆ. ಮೊದ್ಲು ಕೆರೆ ಮೋಟಾರಿಂದ ಶುರು ಮಾಡಿ, ಬೋರ್ ವಿಷ್ಯ ಆಮೇಲೆ. ಈ ನೀರು ಕೊಡೋದೇ ಅಂತರ್ಜಲ ತುಂಬೋಕೆ, ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧಿ ಮಾಡಿ ಬಿಡ್ತಾರೆ, ಅದು ಮಣ್ಣಲ್ಲಿ ಸೋಸಿ ಕೆಳಗಿಳೀಬೇಕು, ಅದನ್ನೇ ಸೀದಾ ಹೊಲಕ್ಕೆ ಹಾಯ್ಸೋದು ತಪ್ಪು ಅಂತ ಗ್ರಾಮಸಭೇಲಿ ಜೋರಾಗಿ ಹೇಳಿ. ಇದಕ್ಕೆ ಎದುರು ಮಾತಾಡೋಕೆ ಯಾರಿಗೂ ಬಾಯಿ ಬರಲ್ಲ.

ಇನ್ನು ಬೋರ್. ಹತ್ತು ಎಚ್‌ಪಿ ತನಕ ಕರೆಂಟ್ ಫ್ರೀ, ಹಂಗಾಗಿ ಎಷ್ಟು ಎತ್ತುದ್ವಿ ಅನ್ನೋ ಲೆಕ್ಕ ಯಾರ ಹತ್ರಾನೂ ಇರಲ್ಲ, ಬಾಯಲ್ಲಿ ಹೇಳಿದ್ರೆ ಯಾರೂ ನಂಬೋದೂ ಇಲ್ಲ. ನಮ್ಮಲ್ಲಿ ಹುಡುಗ್ರು ಕೆರೆ ಕೆಳಗಿರೋ ಒಂದು ಹಳೇ ತೆರೆದ ಬಾವಿ ಹಿಡ್ಕೊಂಡ್ರು. ನೂಲಿನ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡೋದು, ಎಲ್ಲೀತನಕ ಒಣಗಿದೆ ನೋಡಿ ಟೇಪ್ ಹಿಡಿಯೋದು, ಆ ಅಡಿ ಲೆಕ್ಕಾನ ಹಾಲಿನ ಡೈರಿ ಗೋಡೆ ಮೇಲೆ ಬರೆಯೋದು. ಪಂಚಾಯ್ತಿ ಆಫೀಸಿಗೆ ಯಾರು ಹೋಗ್ತಾರೆ, ಡೈರಿಗಾದ್ರೆ ಬೆಳಗ್ಗೆ ಸಂಜೆ ಕ್ಯಾನ್ ಹಿಡ್ಕೊಂಡು ಊರೇ ಬರುತ್ತೆ. ಕ್ಯೂನಲ್ಲಿ ನಿಂತ ಹೆಂಗಸ್ರೇ ಕೇಳೋಕೆ ಶುರು ಮಾಡಿದ್ರು, ಹೋದ ತಿಂಗಳಿಗಿಂತ ಇಷ್ಟು ಇಳಿದೈತಲ್ಲ ಯಾರು ಎತ್ತಿದ್ದು ಅಂತ.

ಆದ್ರೆ ಮುಖ್ಯವಾದ ಮಾತು ಬೇರೆ ಇದೆ. ಬೋರ್ ಫೇಲಾಗಿ ಸಾಲದಲ್ಲಿ ಕೂತಿರೋನಿಗೆ "ಹೊಸದು ಕೊರೆಸಬೇಡ" ಅಂದ್ರೆ ಅವನು ಯಾಕ್ ಕೇಳ್ತಾನೆ? ನೀರಿರೋನು ಸುಮ್ನೆ ಇದ್ದಾನೆ, ಇಲ್ಲದೋನಿಗೆ ಮಾತ್ರ ರೂಲ್ಸ್. ಆಂಧ್ರದ ಅನಂತಪುರದ ಕಡೆ ಕೆಲವು ಊರುಗಳಲ್ಲಿ ರೈತ್ರು ಬೋರ್‌ಗಳನ್ನ ಪೈಪ್‌ಲೈನಲ್ಲಿ ಸೇರ್ಸಿ, ಬೋರ್ ಇಲ್ಲದೋರಿಗೂ ಒಂದು ಬೆಳೆಗಾಗೋಷ್ಟು ನೀರು ಕೊಟ್ಟು, ಅದಕ್ಕೆ ಬದಲಾಗಿ ಯಾರೂ ಹೊಸ ಬೋರ್ ಕೊರೆಸಬಾರ್ದು ಅಂತ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಊರಿಗೆ ಊರೇ ಒಪ್ಪಲಿಲ್ಲ, ಅಕ್ಕಪಕ್ಕದ ಜಮೀನಿನೋರು ಗುಂಪು ಗುಂಪಾಗಿ ಮಾಡ್ಕೊಂಡಿದ್ದಾರೆ, ಅಷ್ಟಾದ್ರೂ ನಡೀತಿದೆ. ನೀರಲ್ಲಿ ಪಾಲು ಕೊಡದೆ ಕಟ್ಟುಪಾಡು ಅಂದ್ರೆ ಒಂದು ಬೇಸಿಗೇನೂ ದಾಟಲ್ಲ.

ಮುಳಬಾಗಿಲಿನಿಂದ:
ಇದು ಹೊಸದೇನಲ್ಲಪ್ಪ. ನಮ್ಮ ಕೆರೆಗಳಲ್ಲಿ ದಾಮಾಷಾ ಅಂತ ಇತ್ತು. ಕೆರೆ ಅರ್ಧಾನೇ ತುಂಬಿದ ವರ್ಷ ಅಚ್ಚುಕಟ್ಟು ಪೂರ್ತಿ ನೆಡ್ತಿರ್ಲಿಲ್ಲ, ತೂಬಿನ ಹತ್ರದ ಗದ್ದೆಗಳನ್ನಷ್ಟೇ ಅವರವರ ಹಿಡುವಳಿ ಪ್ರಕಾರ ಎಲ್ಲಾರ್ಗೂ ಹಂಚಿ, ಅದಕ್ಕೆ ಮಾತ್ರ ನೀರು. ತೂಬು ಎತ್ತೋದು ಇಳಿಸೋದು ನೀರುಗಂಟಿ ಕೈಲಿ, ಗೌಡನೇ ಬಂದ್ರೂ ಮುಟ್ಟಂಗಿರ್ಲಿಲ್ಲ. ಸುಗ್ಗೀಲಿ ಅವನಿಗೆ ಕಾಳು ಕೊಡ್ತಿದ್ರು. ಬೋರ್ ಬಂದ್ಮೇಲೆ ಇವನ್ಗೆ ಯಾಕ್ ಕೊಡ್ಬೇಕು ಅಂದ್ರು, ನೀರುಗಂಟೀನೂ ಹೋದ, ಕಾಲುವೇನೂ ಮುಚ್ಚೋಯ್ತು. ಈಗ ಯಾರನ್ನಾದ್ರೂ ಇಡೋದಾದ್ರೆ ಸಂಬಳ ಕೊಟ್ಟೇ ಇಡಿ. ಹಳೇ ಕಾಲದಂಗೆ ದಲಿತರ ಮನೆಯೋರ ಕೈಲಿ ಬಿಟ್ಟಿ ಚಾಕರಿ ಮಾಡಿಸಬೇಡಿ. ಹಂಗೇ ಕೆರೆ ಸುತ್ತ ನೀಲಗಿರಿ ಇದ್ರೆ ಕೀಳಿಸಿ, 2017ರಲ್ಲೇ ಸರ್ಕಾರ ಹೊಸ ನೆಡುತೋಪು ನಿಷೇಧ ಮಾಡೈತೆ, ಹಳೇವು ಚಿಗುರುತ್ಲೇ ಇರ್ತವೆ.

ಗದಗ ಕಡೆಯಿಂದ:
ನಮ್ಮ ಕಡಿ ಕುಡಿಯೂ ನೀರಿನ ಕೆರಿಗೆ ಇವತ್ತಿಗೂ ಚಪ್ಲಿ ಬಿಟ್ಟು ಇಳೀತಾರ್ರಿ, ದನ ಮೈ ತೊಳ್ಯಾಕ ಹೋದ್ರ ಊರ ಮಂದಿ ಬಿಡಂಗಿಲ್ಲ. ಕಾವಲಿಗೆ ಒಬ್ಬ ಇರ್ತಾನ. ಆದ್ರ ಅದ ಮಂದಿ ಹೊಲದಾಗಿನ ಬೋರಿನ ಮಾತು ಬಂದ್ರ ಯಾರೂ ಯಾರ ಮಾತೂ ಕೇಳಂಗಿಲ್ಲ ನೋಡ್ರಿ. ನನ್ನ ಸಲಹಾ ಇಷ್ಟ: ಊರಾಗಿನ ದೊಡ್ಡವ್ರ ಮೋಟಾರ್ ಮೊದ್ಲ ತೆಗಸ್ರಿ, ಸಣ್ಣವ್ರು ತಾವಾಗೇ ತಗೀತಾರ.

ಶಿರಾದಿಂದ:
ಮಹಾರಾಷ್ಟ್ರದ ಹಿವರೆ ಬಜಾರ್ ಅನ್ನೋ ಹಳ್ಳಿ ನೋಡ್ಕೊಂಡು ಬನ್ನಿ ಸಾಧ್ಯ ಆದ್ರೆ. ಬೇಸಾಯಕ್ಕೆ ಬೋರ್‌ವೆಲ್ಲೇ ಇಲ್ಲ ಅಲ್ಲಿ, ತೆರೆದ ಬಾವಿ ಮಾತ್ರ. ಕಬ್ಬು ಬಾಳೆಗೆ ನಿಷೇಧ. ಮಳೆ ಎಷ್ಟು ಬಿತ್ತು ಅಂತ ಅಳೆದು ಆ ವರ್ಷ ಏನು ಬಿತ್ತಬೇಕು ಅಂತ ಗ್ರಾಮಸಭೇಲಿ ತೀರ್ಮಾನ ಮಾಡ್ತಾರೆ. ಸರಪಂಚರಾಗಿದ್ದ ಪೋಪಟ್‌ರಾವ್ ಪವಾರ್ ಅವ್ರಿಗೆ 2020ರಲ್ಲಿ ಪದ್ಮಶ್ರೀನೂ ಬಂತು. ಅವರಂಥ ನಾಯಕ ಎಲ್ಲಾ ಊರಲ್ಲೂ ಸಿಗಲ್ಲ, ಮಳೆ ಅಳೆಯೋದಕ್ಕೆ ಮಾತ್ರ ನಾಯಕ ಬೇಕಾಗಿಲ್ಲ. ಇನ್ನೊಂದು, ಕಾನೂನನ್ನ ಪೂರ್ತಿ ಬಿಡಬೇಡಿ. ಊರಿನ ಕುಡಿಯೋ ನೀರಿನ ಬೋರ್‌ನಿಂದ 500 ಮೀಟರ್ ಒಳಗೆ ಅನುಮತಿ ಇಲ್ದೆ ಕೊರೆಸಂಗಿಲ್ಲ ಅಂತ 1999ರ ಕಾಯ್ದೆ ಇದೆ. ರಿಗ್ ಗಾಡಿ ಊರಿಗೆ ಬಂದ ದಿನ ಇದನ್ನ ಪ್ರಿಂಟ್ ಹಾಕ್ಸಿ ಡ್ರೈವರ್ ಕೈಗೆ ಕೊಡಿ, ಜಗಳ ಆಡೋದೇ ಬೇಕಾಗಲ್ಲ.

ಕೇಳಿದವರು:
ಎಲ್ಲಾರ್ಗೂ ಥ್ಯಾಂಕ್ಸ್. ಡೈರಿ ಗೋಡೆ ಕೆಲಸ ಈ ವಾರವೇ ಮಾಡ್ತೀವಿ. ಗದಗದ ಅಣ್ಣಾವ್ರು ಹೇಳಿದ್ದೇ ಕಷ್ಟ, ಕೆರೇಲಿರೋ ದೊಡ್ಡ ಮೋಟಾರು ನಮ್ಮ ದೊಡ್ಡಪ್ಪಂದೇ.

ಚಿಕ್ಕಬಳ್ಳಾಪುರ ಕಡೆಯಿಂದ:
ಒಬ್ರೇ ಹೋಗಬೇಡಿ, ಡೈರಿ ಸೆಕ್ರೆಟರಿನ ಜೊತೇಲಿ ಕರ್ಕೊಂಡು ಹೋಗಿ. ನರ್ಸರಿಗೆ ಟೊಮೇಟೊ ಸಸಿ ಆರ್ಡರ್ ಕೊಡೋಕೆ ಮುಂಚೆನೇ ಮಾತಾಡಿ. ನಾಟಿ ಆದ್ಮೇಲೆ ದೊಡ್ಡಪ್ಪನಾದ್ರೂ ಅಷ್ಟೆ, ಸಣ್ಣೋರಾದ್ರೂ ಅಷ್ಟೆ, ಯಾರೂ ಮೋಟಾರ್ ಎತ್ತಲ್ಲ.